ಮಂಪರಿಗೆ ಕ್ಯಾಲ್ಸಿಯಮ್ ಕಾರಣವಾದಾಗ

ಚಾಮರಾಜನಗರದಿಂದ ಸತ್ಯಮಂಗಲದ ಕಡೆಗೆ ಹೋಗುವ ಹೆದ್ದಾರಿಯಲ್ಲಿ, ತಮಿಳುನಾಡಿನ ಗಡಿಗೆ ಮುನ್ನ ಪುಣಜನೂರು ಸಿಗುತ್ತದೆ. ಇಂಥ ಊರಿನ ಮನೆಯೊಂದರಲ್ಲಿ ಪಿತ್ತನಾಳದ ಕ್ಯಾನ್ಸರ್ ಬಲಿತ ರೋಗಿಯೊಬ್ಬರು ಇದ್ದಾರೆ ಎಂದಿಟ್ಟುಕೊಳ್ಳಿ. ಕೆಲವು ದಿನಗಳಿಂದ ವಿಪರೀತ ಬಾಯಾರಿಕೆ, ಪದೇ ಪದೇ ಮೂತ್ರ, ಮಲಬದ್ಧತೆ, ಈಗ ಮಂಪರು. ಕಾಮಾಲೆ ತಲೆಗೇರಿತು, ಇನ್ನೇನೂ ಮಾಡುವಂತಿಲ್ಲ ಎಂದು ಮನೆಯವರು ಕೈಚೆಲ್ಲುತ್ತಾರೆ. ಆದರೆ ಕಾರಣ ಬೇರೆಯೂ ಇರಬಹುದು. ಅದು ರಕ್ತದಲ್ಲಿ ಕ್ಯಾಲ್ಸಿಯಮ್ ಏರಿಕೆ. ಈ ಕ್ಯಾನ್ಸರಿನಲ್ಲಿ ಅಪರೂಪ, ಆದರೆ ಚಿಕಿತ್ಸೆಗೆ ಬಗ್ಗುವಂಥದು.

ವಯಸ್ಕರ ದೇಹದಲ್ಲಿ ಸುಮಾರು 1 ಕಿಲೋಗ್ರಾಂ ಕ್ಯಾಲ್ಸಿಯಮ್ ಇದೆ, ಅದರಲ್ಲಿ ಶೇ. 99ರಷ್ಟು ಮೂಳೆ, ಹಲ್ಲುಗಳಲ್ಲಿ. 100 ಮಿಲಿಲೀಟರ್ ರಕ್ತಸಾರದಲ್ಲಿ ಇರುವುದು 8.5ರಿಂದ 10.5 ಮಿಲಿಗ್ರಾಂ ಮಾತ್ರ. ಈ ಮಿತಿಯನ್ನು ಮುಖ್ಯವಾಗಿ ಕಾಯುವುದು ಪೆರಾಥೈರಾಯ್ಡ್ ಹಾರ್ಮೋನು. ಕೆಲವು ಗಂತಿಗಳು ಇದನ್ನೇ ಹೋಲುವ ಪ್ರೋಟೀನನ್ನು ಸ್ರವಿಸುತ್ತವೆ. 1941ರಲ್ಲಿ ಅಮೆರಿಕದ ಫುಲ್ಲರ್ ಆಲ್‌ಬ್ರೈಟ್ ಊಹಿಸಿದ್ದ ಇಂಥ ವಸ್ತು ಕೈಗೆ ಸಿಕ್ಕಿದ್ದು 1987ರಲ್ಲಿ. ನಕಲಿ ಬೀಗದಕೈಯಂತೆ ಅದು ಹಾರ್ಮೋನಿನ ಗ್ರಾಹಿಗೇ ಹೊಂದಿಕೊಂಡು ಮೂಳೆಯನ್ನು ಕರಗಿಸುತ್ತದೆ. ಮೂತ್ರದಲ್ಲಿ ಹೋಗಬೇಕಾದ ಕ್ಯಾಲ್ಸಿಯಮನ್ನೂ ತಡೆಯುತ್ತದೆ. ಕ್ಯಾನ್ಸರ್ ಮೂಳೆಗೆ ಹರಡದೆಯೂ ಹೀಗಾಗಬಹುದು. ತಪ್ಪು ಕುಡಿದ ಹಾಲಿನದಲ್ಲ!

ಮಂಪರು ಏಕೆ? ಇಲ್ಲಿ ಭೌತವಿಜ್ಞಾನ ಬರುತ್ತದೆ. ಕ್ಯಾಲ್ಸಿಯಮ್ ಅಯಾನಿಗೆ ಎರಡು ಧನ ಆವೇಶಗಳಿವೆ. ನರಕೋಶದ ಪೊರೆಯ ಹೊರಮೈಯಲ್ಲಿರುವ ಋಣ ಆವೇಶಗಳನ್ನು ಅದು ಮರೆಮಾಡುತ್ತದೆ. ಆಗ ಪೊರೆಯ ಸೋಡಿಯಮ್ ದ್ವಾರಗಳು ತೆರೆಯಲು ಹೆಚ್ಚು ಪ್ರಚೋದನೆ ಬೇಕು. ನರಗಳು ಮಂದವಾಗುತ್ತವೆ, ಕರುಳೂ ಮಂದವಾಗುತ್ತದೆ. ಇತ್ತ ಮೂತ್ರಪಿಂಡ ನೀರನ್ನು ಹಿಡಿದಿಡಲಾರದು. ದೇಹ ಒಣಗಿದಷ್ಟೂ ಕ್ಯಾಲ್ಸಿಯಮ್ ಹೊರಹೋಗುವುದು ಕಡಿಮೆಯಾಗುತ್ತದೆ.

ಪ್ರಯೋಗಾಲಯದ ವರದಿಯೂ ಮೋಸಮಾಡೀತು. ರಕ್ತದ ಕ್ಯಾಲ್ಸಿಯಮಿನಲ್ಲಿ ಹೆಚ್ಚುಕಡಿಮೆ ಅರ್ಧ ಭಾಗ ಪ್ರೋಟೀನುಗಳಿಗೆ, ಮುಖ್ಯವಾಗಿ ಆಲ್ಬುಮಿನ್‌ಗೆ, ಅಂಟಿಕೊಂಡಿರುತ್ತದೆ. ಕೆಲಸಮಾಡುವುದು ಬಿಡಿ ಅಯಾನುಗಳು. ಬಲಿತ ಕ್ಯಾನ್ಸರಿನಲ್ಲಿ ಆಲ್ಬುಮಿನ್ ಹಲವೊಮ್ಮೆ ಇಳಿದಿರುತ್ತದೆ. ಅದು 4 ಗ್ರಾಮಿಗಿಂತ ಎಷ್ಟು ಕಡಿಮೆಯೋ ಅದನ್ನು 0.8ರಿಂದ ಗುಣಿಸಿ, ಕ್ಯಾಲ್ಸಿಯಮಿಗೆ ಕೂಡಿಸಬೇಕು. ಕ್ಯಾಲ್ಸಿಯಮ್ 10.4, ಆಲ್ಬುಮಿನ್ 2 ಎಂದಿರಲಿ: 10.4ಕ್ಕೆ 1.6 ಸೇರಿ 12 ಆಯಿತು. ಸಹಜವೆಂದು ಕಂಡದ್ದು ಸಹಜವಲ್ಲ. ಇದು ಅಂದಾಜು ಲೆಕ್ಕ. ಬಿಡಿ ಅಯಾನುಗಳನ್ನೇ ಅಳೆಯುವ ಸೌಲಭ್ಯವಿದ್ದರೆ ಅದೇ ಮೇಲು.

ಚಿಕಿತ್ಸೆ ಆಸ್ಪತ್ರೆಯಲ್ಲೇ ಆಗಬೇಕು. ಮೊದಲು ಸಲೈನ್, ಬಳಿಕ, ಮೂತ್ರಪಿಂಡದ ಸ್ಥಿತಿ ನೋಡಿಕೊಂಡು, ಮೂಳೆ ಕರಗುವುದನ್ನು ತಡೆಯುವ ಜೋಲೆಡ್ರಾನಿಕ್ ಆಮ್ಲ. ಇದರ ಪರಿಣಾಮಕ್ಕೆ ಎರಡು ಮೂರು ದಿನ ಬೇಕು. ಕ್ಯಾನ್ಸರ್ ಇದರಿಂದ ವಾಸಿಯಾಗದು, ಕ್ಯಾಲ್ಸಿಯಮ್ ಮತ್ತೆ ಏರಲೂಬಹುದು. ಆದರೆ ರೋಗಿ ಎಚ್ಚರಗೊಂಡು ಮನೆಯವರೊಡನೆ ಮಾತನಾಡುವಂತಾದರೆ ಅದು ಸಣ್ಣ ಲಾಭವೇನಲ್ಲ.

ಚಾಮರಾಜನಗರಕ್ಕೆ ಕರೆದೊಯ್ದಾಗ ಕ್ಯಾಲ್ಸಿಯಮ್, ಆಲ್ಬುಮಿನ್, ಕ್ರಿಯಾಟಿನಿನ್ ಮೂರನ್ನೂ ಒಟ್ಟಿಗೆ ಪರೀಕ್ಷಿಸಬಹುದೇ ಎಂದು ವೈದ್ಯರನ್ನು ಕೇಳಿ. ಮನೆಯಲ್ಲಿ ಕ್ಯಾಲ್ಸಿಯಮ್ ಅಥವಾ ವಿಟಮಿನ್ ಡಿ ಮಾತ್ರೆ ಕೊಡುತ್ತಿದ್ದರೆ ಅದನ್ನೂ ಅವರಿಗೆ ತೋರಿಸಿ.