ಚಕ್ರದ ಬೇರಿಂಗ್ ಕಚ್ಕೊಂಡು ಕೂತಿದ್ಯಾ?

ಹುಣಸೂರಿಂದ ಎಚ್.ಡಿ. ಕೋಟೆ ಕಡೆ ಹೊರಟಿದ್ದೀರಿ.
ಸ್ಪೀಡು 60 ದಾಟ್ತಿದ್ದ ಹಾಗೇ ಗುಂಯ್ ಅಂತ ಸದ್ದು.
ಟೈರಾ? ಬೇರಿಂಗಾ?

ಓಡ್ತಿರುವಾಗ್ಲೇ ಸ್ಟೇರಿಂಗ್ ಸ್ವಲ್ಪ ಎಡಕ್ಕೆ ತಿರುಗಿಸಿ.
ಭಾರ ಬಲಕ್ಕೆ ಬೀಳುತ್ತೆ.
ಸದ್ದು ಜೋರಾಯ್ತಾ?
ಅನುಮಾನ ಬಲಗಡೆ ಬೇರಿಂಗ್ ಮೇಲೆ.

ಮೊದಲು ಆಕ್ಸಲ್ ನಟ್ ಸಡಿಲ ಮಾಡಿ, ಚಕ್ರ ನೆಲದ ಮೇಲಿರುವಾಗ್ಲೇ.
ಆಮೇಲೆ ಜಾಕ್.
ಜಾಕ್ ಒಂದನ್ನೇ ನಂಬ್ಬೇಡಿ, ಕೆಳಗೆ ಸ್ಟ್ಯಾಂಡ್ ಕೊಡಿ.

ಈಗ ಬೇರಿಂಗ್ ಕೂತಿರೋ ನಕಲ್ ಬಿಚ್ಚಿ ಹೊರಗೆ ತನ್ನಿ.
ಒಳಗೊಂದು ಸರ್ಕ್ಲಿಪ್ ಇದ್ರೆ ಮೊದಲು ತೆಗೀರಿ.
ಅದು ಇರೋವರೆಗೂ ಭೀಮ ಬಂದ್ರೂ ಬೇರಿಂಗ್ ಅಲ್ಲಾಡಲ್ಲ!

ಆದ್ರೂ ಬರ್ತಿಲ್ವಾ?
ಕೆಸರು, ಮಳೆನೀರು ಸೇರಿ ತುಕ್ಕು ಹಿಡಿದಿರುತ್ತೆ.

ಎತ್ತಿನಗಾಡಿ ಚಕ್ರಕ್ಕೆ ಕಬ್ಬಿಣದ ಪಟ್ಟಿ ಹಾಕೋದು ನೋಡಿದ್ದೀರಾ?
ಕಾಯಿಸ್ತಾರೆ, ಪಟ್ಟಿ ಹಿಗ್ಗುತ್ತೆ, ಸಲೀಸಾಗಿ ಕೂರುತ್ತೆ.
ಇಲ್ಲೂ ಅದೇ ಲೆಕ್ಕ.
ಎಣ್ಣೆ, ಗ್ರೀಸು ಪೂರ್ತಿ ಒರೆಸಿ.
ನಕಲ್‌ನ ಸುತ್ತ ಹದವಾಗಿ ಕಾಯಿಸಿ.
ತೂತು ಹಿಗ್ಗುತ್ತೆ, ಬೇರಿಂಗ್ ಹಿಡಿತ ಬಿಡುತ್ತೆ.
ರಬ್ಬರ್, ಬ್ರೇಕ್ ಪೈಪ್ ಹತ್ರ ಬೆಂಕಿ ಬೇಡವೇ ಬೇಡ.

ಹೊಸದನ್ನ ಸುತ್ತಿಗೇಲಿ ಹೊಡೆದು ಕೂರಿಸ್ತೀರಾ?
ಒಳಗಿನ ಗುಂಡು ಓಡೋ ಜಾಗ ಗುಳಿ ಬೀಳುತ್ತೆ,
ಸದ್ದು ವಾಪಸ್ ಬರುತ್ತೆ.
ನನ್ನ ಕೇಳಿದ್ರೆ, ಇದೊಂದು ಕೆಲಸ ಮನೇಲಿ ಬೇಡ.
ಪಿರಿಯಾಪಟ್ಟಣವೋ, ಕೆ.ಆರ್. ನಗರವೋ,
ಪ್ರೆಸ್ ಇರೋ ವರ್ಕ್‌ಶಾಪಿಗೆ ನಕಲ್ ಒಯ್ಯಿರಿ.
ನಕಲ್‌ಗೆ ಕೂರಿಸುವಾಗ ಹೊರಗಿನ ರಿಂಗ್ ಮೇಲೇ ಒತ್ತಬೇಕು.
ಎಬಿಎಸ್ ಕಾರಾ?
ಬೇರಿಂಗ್‌ನ ಮ್ಯಾಗ್ನೆಟ್ ಮುಖ ಸೆನ್ಸರ್ ಕಡೆಗಿರಲಿ.

ಕೊನೇಗೆ ಹೊಸ ಆಕ್ಸಲ್ ನಟ್.
ಬಿಗಿ ಎಷ್ಟು ಅನ್ನೋದು ಒಂದೊಂದು ಕಾರಿಗೆ ಒಂದೊಂದು ಥರ.
ಮ್ಯಾನುವಲ್ ನೋಡಿ, ಟಾರ್ಕ್ ವ್ರೆಂಚಲ್ಲೇ ಬಿಗಿ ಮಾಡಿ.