ಎಣ್ಣೆ ಹಚ್ಚುವುದೂ ಹಚ್ಚದಿರುವುದೂ: ರಾಮನಗರ ಸೀಮೆಯ ಯಂತ್ರಪಾಲನೆಯ ಒಂದು ವಿಚಾರ

ಟೀಪೂ ಸುಲ್ತಾನನ ಪತನದ ಮರುವರ್ಷ, ಎಂದರೆ 1800ರಲ್ಲಿ, ಗವರ್ನರ್ ಜನರಲ್ ವೆಲ್ಲೆಸ್ಲಿಯ ಆಜ್ಞೆಯಂತೆ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ನನು ಚನ್ನಪಟ್ಟಣದಲ್ಲಿ ವಾದ್ಯಗಳಿಗೆ ಬೇಕಾದ ಉಕ್ಕಿನ ತಂತಿ ತಯಾರಾಗುತ್ತಿದ್ದುದನ್ನು ದಾಖಲಿಸಿ, ಅದು ಭರತಖಂಡದ ದೂರದ ಭಾಗಗಳಿಗೂ ಹೋಗುತ್ತಿತ್ತೆಂದು ಬರೆದಿದ್ದಾನೆ. 1807ರಲ್ಲಿ ಮೂರು ಸಂಪುಟಗಳಾಗಿ ಅಚ್ಚಾದ ಅವನ ಪ್ರವಾಸಕಥನದಲ್ಲಿ ಮಾಗಡಿಯ ಕಡೆಯ ಕಬ್ಬಿಣದ ಕುಲುಮೆಗಳ ವಿವರವೂ ಉಂಟು. ನಮ್ಮ ಇತಿಹಾಸಕಾರರು ಈ ಬರಹವನ್ನು ಪದೇಪದೇ ಉದಾಹರಿಸುತ್ತಾರೆ. ವಸ್ತುವನ್ನು ಯಾರು ಮಾಡಿದರು, ಎಲ್ಲಿ ಮಾರಿದರು, ಸುಂಕವೆಷ್ಟು ಎಂದು ಕೇಳುತ್ತಾರೆ. ಕೊಂಡವನು ಅದನ್ನು ಹೇಗೆ ಕಾಪಾಡಿಕೊಂಡನೆಂಬ ಪ್ರಶ್ನೆ ಮಾತ್ರ ಅಪರೂಪ. ಇದು ಸಣ್ಣ ಲೋಪವಲ್ಲವೆಂದು ನಮ್ಮ ಅಭಿಪ್ರಾಯ. ತಂತಿಯನ್ನು ಎಳೆಯುವ ಕೆಲಸ ಕೆಲವು ದಿನಗಳದು. ತುಕ್ಕಿನಿಂದಲೂ ಸವೆತದಿಂದಲೂ ಅದನ್ನು ಉಳಿಸಿಕೊಳ್ಳುವ ಕೆಲಸ ವರ್ಷಗಳದು.

2007ರಲ್ಲಿ ಒಂದೇ ಜಿಲ್ಲೆಯಾಗಿ ಕೂಡಿದ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ತಾಲ್ಲೂಕುಗಳಲ್ಲಿ ಈ ಪಾಲನೆಯ ಮೊದಲ ಸಾಮಗ್ರಿ ಹೊಲದಲ್ಲಿಯೇ ಬೆಳೆಯುತ್ತಿತ್ತು. ರಾಗಿಯ ನಡುವಣ ಅಕ್ಕಡಿ ಸಾಲಿನಲ್ಲಿ ಅವರೆ, ಹುಚ್ಚೆಳ್ಳುಗಳೊಡನೆ ಹರಳನ್ನೂ ಹಾಕುವುದು ರೈತರ ವಾಡಿಕೆ. ಹರಳೆಣ್ಣೆ ಮಂದವಾದುದು, ಲೋಹಕ್ಕೆ ಗಟ್ಟಿಯಾಗಿ ಅಂಟಿಕೊಳ್ಳುವುದು, ಭಾರ ಬಿದ್ದರೂ ಬೇಗ ಜಾರಿಹೋಗದು. ಹುಲ್ಲು ಸುಟ್ಟ ಮಸಿಯೊಡನೆ ಕಲಸಿದ ಕೀಲೆಣ್ಣೆ ಗಾಡಿಯ ಅಚ್ಚಿಗೆ ಒದಗುತ್ತಿತ್ತು. ಇದೇ ಗುಣದಿಂದಲೂ, ಪೆಟ್ರೋಲಿನಲ್ಲಿ ಸುಲಭವಾಗಿ ಕರಗದ ಕಾರಣದಿಂದಲೂ, 1914–18ರ ಯುದ್ಧದ ವಿಮಾನಗಳ ತಿರುಗುವ ಎಂಜಿನುಗಳಿಗೂ ಹರಳೆಣ್ಣೆಯನ್ನೇ ಬಳಸಿದರು. ಆದರೆ ಗಾಳಿಗೆ ತೆರೆದಿಟ್ಟರೆ ಅದು ಕಾಲಕ್ರಮದಲ್ಲಿ ಅಂಟಾಗಿ ಗಟ್ಟಿಯಾಗುತ್ತದೆ. ಅಚ್ಚಿಗೆ ಒಪ್ಪಿದ್ದು ಸಣ್ಣ ತಂತಿಗೂ ನಯವಾದ ಕೀಲಿಗೂ ಒಪ್ಪುವುದಿಲ್ಲ.

ಎಣ್ಣೆ ಎಲ್ಲಿ ಬೇಡವೆಂಬುದನ್ನು ಚನ್ನಪಟ್ಟಣದ ಗೊಂಬೆ ಕೆಲಸದವನಷ್ಟು ಚೆನ್ನಾಗಿ ಬಲ್ಲವರು ವಿರಳ. ಹಳೆಯ ಕೈಲೇತಿನಲ್ಲಿ ಆಲೆಮರದ ತುಂಡನ್ನು ಎರಡು ಮೊನೆಗಳ ನಡುವೆ ಹಿಡಿಸಿ, ಬಿಲ್ಲಿನ ಹುರಿಯನ್ನು ಸುತ್ತಿ, ಒಂದು ಕೈಯಿಂದ ಬಿಲ್ಲನ್ನು ಹಿಂದುಮುಂದಾಗಿ ಎಳೆದು ತಿರುಗಿಸುತ್ತಿದ್ದರು. ಮೊನೆ ಮರವನ್ನು ಮುಟ್ಟುವ ಕಡೆ ಒಂದು ತೊಟ್ಟು ಎಣ್ಣೆ ಇಲ್ಲದಿದ್ದರೆ ಮರ ಕಾದು ಸುಡುತ್ತದೆ. ಅದೇ ಎಣ್ಣೆ ಹುರಿಗೆ ತಾಗಿದರೆ ಹುರಿ ಜಾರುತ್ತದೆ, ಮರ ತಿರುಗುವುದಿಲ್ಲ. ಬಣ್ಣದ ಅರಗಿನ ಕಡ್ಡಿಯನ್ನು ತಿರುಗುವ ಮರಕ್ಕೆ ಒತ್ತಿದಾಗ ಅರಗು ಕರಗುವುದು ಉಜ್ಜುವಿಕೆಯ ಕಾವಿನಿಂದಲೇ. ಅರಗು ಹಚ್ಚುವ ಮುನ್ನ ಮರಕ್ಕೆ ಜಿಡ್ಡು ಸೋಕಿದರೆ ಅದು ಹಿಡಿಯದೆ ಕಲೆಕಲೆಯಾಗುತ್ತದೆ. ಹೀಗೆ ಒಂದು ಮೊಳದ ಅಳತೆಯೊಳಗೆ, ಒಂದೆಡೆ ಉಜ್ಜುವಿಕೆಯನ್ನು ಕೊಲ್ಲಬೇಕು, ಎರಡೆಡೆ ಅದನ್ನು ಉಳಿಸಬೇಕು. ವಿದ್ಯುತ್ತಿನ ಲೇತು ಬಂದ ಮೇಲೆ ಬಿಲ್ಲು ಹೋಯಿತು, ಅರಗಿನ ನಿಯಮ ಹೋಗಲಿಲ್ಲ. ರಾಮನಗರದಲ್ಲಿ ರೇಷ್ಮೆ ಬಿಚ್ಚುವವರದೂ ಇದೇ ಕಷ್ಟ: ತಿರುಗುವ ಕೀಲಿಗೆ ಎಣ್ಣೆ ಬೇಕು, ಪಕ್ಕದಲ್ಲೇ ಓಡುವ ನೂಲಿಗೆ ಒಂದು ಹನಿಯೂ ಬೀಳಬಾರದು, ಬಿದ್ದರೆ ಬಣ್ಣ ಸಮನಾಗಿ ಏರದು.

ಇನ್ನು ತಂತಿಗೆ ಹಿಂದಿರುಗೋಣ. ವೀಣೆ ನುಡಿಸುವವರು ಪಕ್ಕದಲ್ಲಿ ಎಣ್ಣೆಯ ಬಟ್ಟಲಿಟ್ಟುಕೊಂಡು ಎಡಗೈಯ ಬೆರಳ ತುದಿಗೆ ಮಾತ್ರ ಸವರಿಕೊಳ್ಳುವುದನ್ನು ಓದುಗರು ಕಂಡಿರಬಹುದು. ಬೆರಳು ಜಾರಲು ಬೇಕಾದಷ್ಟೇ ಎಣ್ಣೆ, ತಂತಿಯನ್ನು ನೆನೆಸುವಷ್ಟಲ್ಲ. ಈ ಮಿತವ್ಯಯದ ಮತ್ತೊಂದು ರೂಪವನ್ನು ನಮ್ಮ ಕಾಲದಲ್ಲಿ ಕಾಣಬೇಕಾದರೆ ಗ್ಲೈಡರಿನ ಬಳಿಗೆ ಹೋಗಬೇಕು. ಇದು ನಮಗೆ ಅಪರಿಚಿತವಾದ ವಿಷಯವೇನಲ್ಲ. 1940ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯಲ್ಲಿ, ಎರಡನೆಯ ಮಹಾಯುದ್ಧದ ಕಾಲದಲ್ಲಿಯೇ, ವಿ. ಎಂ. ಘಾಟಗೆಯವರ ವಿನ್ಯಾಸದಂತೆ ಹತ್ತು ಆಸನಗಳ ಒಂದು ಗ್ಲೈಡರ್ ಸಿದ್ಧವಾಗಿತ್ತು.

ಎಂಜಿನಿಲ್ಲದ ಈ ವಿಮಾನದಲ್ಲಿ ಚಾಲಕನು ಪೆಡಲನ್ನು ತುಳಿದರೆ ಉಕ್ಕಿನ ತಂತಿಹಗ್ಗವು ಬಾಲದ ಚುಕ್ಕಾಣಿಯನ್ನು ಎಳೆಯುತ್ತದೆ. ಇಂಥ ಹಗ್ಗಗಳಲ್ಲಿ ರೂಢಿಯಲ್ಲಿರುವ ಒಂದು ಬಗೆಯಲ್ಲಿ 19 ಎಳೆಗಳ 7 ಹುರಿಗಳು, ಒಟ್ಟು 133 ಎಳೆಗಳು ಇರುತ್ತವೆ. ಹಗ್ಗವು ರಾಟೆಯ ಮೇಲೆ ಬಾಗುವ ಕಡೆ ಒಂದೊಂದೇ ಎಳೆ ಹರಿಯುತ್ತ ಬರುತ್ತದೆ. ಪಾಲಕನು ಬರಿಗೈಯಿಂದ ಮುಟ್ಟದೆ ಬಟ್ಟೆಯನ್ನು ಹಗ್ಗದ ಉದ್ದಕ್ಕೂ ಎಳೆಯುತ್ತಾನೆ. ಹರಿದ ಎಳೆ ಬಟ್ಟೆಯನ್ನು ಕಚ್ಚಿ ತನ್ನನ್ನು ತಾನೇ ತೋರಿಸಿಕೊಡುತ್ತದೆ. ತುಕ್ಕು ಒಳಗಿನ ಎಳೆಗಳಲ್ಲಿ ಅಡಗಿರಬಹುದಾದ್ದರಿಂದ ಹಗ್ಗವನ್ನು ಸಡಿಲಿಸಿ ಬಾಗಿಸಿಯೂ ನೋಡುತ್ತಾರೆ. ತುಕ್ಕು ತಡೆಯುವ ಎಣ್ಣೆಯ ತೆಳುವಾದ ಪದರ ಸಾಕು. ಮೆತ್ತಿದರೆ ಧೂಳು ಅಂಟಿ ಸಾಣೆಯ ಪುಡಿಯಂತಾಗಿ ಹಗ್ಗವನ್ನೇ ತಿನ್ನುತ್ತದೆ. ಪೆಡಲಿನ ಸುತ್ತ ಈ ಅಪಾಯ ಹೆಚ್ಚು, ಏಕೆಂದರೆ ಚಾಲಕನ ಬೂಟಿನ ಮರಳು ಅಲ್ಲಿಯೇ ಉದುರುವುದು. ಕೀಲಿಗೆ ಎಣ್ಣೆ, ತುಳಿಯುವ ಪಟ್ಟಿಗೆ ಮಾತ್ರ ಬೇಡವೇ ಬೇಡ. ಹಗ್ಗ ಹಾಯುವ ಕೊಳವೆಗೆ ಪ್ಲಾಸ್ಟಿಕ್ ಒಳಪದರವಿದ್ದರೆ ತಯಾರಕರ ಕೈಪಿಡಿ ಹೇಳದ ಹೊರತು ಏನನ್ನೂ ಹಚ್ಚುವುದಿಲ್ಲ. ರಾಟೆ ತಿರುಗದೆ ನಿಂತರೆ ಹಗ್ಗ ಅದರ ಮೇಲೆ ಜಾರಿ ಗೆರೆ ಕೊರೆಯುತ್ತದೆ. ಚನ್ನಪಟ್ಟಣದ ಬಿಲ್ಲಿನ ಹುರಿ ಜಾರಿದರೆ ಒಂದು ಗೊಂಬೆ ಕೆಡುತ್ತಿತ್ತು, ಇಲ್ಲಿ ಕೆಡುವುದು ಮನುಷ್ಯನ ಪ್ರಾಣ.

ವಿಮಾನದ ಪಾಲನೆಗೆ ಬರೆದಿಟ್ಟ ದಿನಚರಿ ಉಂಟು: ಯಾವ ದಿನ ಯಾವ ಹಗ್ಗವನ್ನು ನೋಡಿದರು, ಯಾವುದನ್ನು ಬದಲಿಸಿದರು ಎಂಬುದೆಲ್ಲ ಸಹಿಯೊಡನೆ ಉಳಿಯುತ್ತದೆ. ಲೇತಿಗೂ ಗಾಡಿಗೂ ಅಂಥ ದಿನಚರಿ ಇರಲಿಲ್ಲ. ಅದು ಕೆಲಸದವರ ಕೈಯಲ್ಲಿಯೇ ಇತ್ತು, ಕೈಗಳೊಡನೆಯೇ ಹೋಗುತ್ತಿದೆ. ಚನ್ನಪಟ್ಟಣಕ್ಕೆ ಕ್ಷೇತ್ರಕಾರ್ಯಕ್ಕೆಂದು ಹೋಗುವ ನಮ್ಮ ವಿದ್ಯಾರ್ಥಿಗಳು ಗೊಂಬೆಯ ಬೆಲೆಯನ್ನೂ ಮಾರುಕಟ್ಟೆಯನ್ನೂ ತಪ್ಪದೆ ಬರೆದುಕೊಂಡು ಬರುತ್ತಾರೆ. ಮುಂದಿನ ಸಲ ಲೇತಿನ ಮೊನೆಗೆ ಯಾವ ಎಣ್ಣೆ, ದಿನಕ್ಕೆ ಎಷ್ಟು ಸಲ, ಹುರಿಯನ್ನು ಯಾವಾಗ ಬದಲಿಸುತ್ತಿದ್ದರು, ಅದನ್ನು ಯಾರಿಂದ ಕಲಿತರು ಎಂಬುದನ್ನೂ ಕೇಳಿ ಬರೆದು ತರಲಿ. ಬಿಲ್ಲನ್ನು ಕೈಯಾರೆ ಎಳೆದು ಬಲ್ಲ ಮುದುಕರು ಇರುವಾಗಲೇ ಇದು ಆಗಬೇಕು.