‘ನಾರ್ಮಲ್’ ಎಂಬ ಅಳತೆಗೋಲು: ವಿಲಕ್ಷಣ ಸ್ವಭಾವವೆಲ್ಲ ಕಾಯಿಲೆಯಲ್ಲ

ರಾಯಚೂರು: ಬೇಸಿಗೆಯಲ್ಲಿ ಗರಿಷ್ಠ ಉಷ್ಣಾಂಶ 40 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ಈ ನಗರದಲ್ಲಿ ಯಾರೂ ಹುಬ್ಬೇರಿಸುವುದಿಲ್ಲ. ಬೆಂಗಳೂರಿನಲ್ಲಿ ಅಷ್ಟೇ ಬಿಸಿಲು ಬಿದ್ದರೆ ಅದು ರಾಜ್ಯವ್ಯಾಪಿ ಸುದ್ದಿಯಾಗುತ್ತದೆ. ಹವಾಮಾನ ಇಲಾಖೆಯು ಒಂದು ಊರಿನ ‘ವಾಡಿಕೆ’ ಉಷ್ಣಾಂಶವನ್ನು ನಿರ್ಧರಿಸುವುದು ಅದೇ ಊರಿನ 30 ವರ್ಷಗಳ ಸರಾಸರಿಯಿಂದ. ಬಯಲುಸೀಮೆಯಲ್ಲಿ 40 ಡಿಗ್ರಿ ದಾಟಿದ ಮಾತ್ರಕ್ಕೆ ಬಿಸಿಗಾಳಿ ಎಂದು ಇಲಾಖೆ ಘೋಷಿಸುವುದಿಲ್ಲ. ಉಷ್ಣಾಂಶವು ವಾಡಿಕೆಗಿಂತ ಕನಿಷ್ಠ 4.5 ಡಿಗ್ರಿ ಹೆಚ್ಚಿರಬೇಕು, ಇಲ್ಲವೇ 45 ಡಿಗ್ರಿ ಮುಟ್ಟಿರಬೇಕು.

ಬಿಸಿಲನ್ನು ಅಳೆಯುವಾಗ ಪಾಲಿಸುವ ಈ ಎಚ್ಚರವನ್ನು ಮನುಷ್ಯರನ್ನು ಅಳೆಯುವಾಗ ಸಮಾಜ ಪಾಲಿಸುವುದಿಲ್ಲ. ಒಬ್ಬಂಟಿಯಾಗಿ ಮಾತನಾಡಿಕೊಳ್ಳುವವರು, ಜಾತ್ರೆ-ಮದುವೆಗಳಿಂದ ದೂರ ಉಳಿಯುವವರು, ಬೀಗ ಹಾಕಿದ ಬಾಗಿಲನ್ನು ಮತ್ತೊಮ್ಮೆ ಎಳೆದು ನೋಡುವವರು, ಎಡಗೈಯಲ್ಲಿ ಬರೆಯುವವರು, ಮಾತಿನ ನಡುವೆ ತೊದಲುವವರು ಎಲ್ಲರೂ ಒಂದಲ್ಲ ಒಂದು ಸಂದರ್ಭದಲ್ಲಿ ‘ಇವರು ನಾರ್ಮಲ್ ಅಲ್ಲ’ ಎಂಬ ಮಾತನ್ನು ಕೇಳಿರುತ್ತಾರೆ. ಹೆಣ್ಣು-ಗಂಡು ನೋಡುವ ಮಾತುಕತೆಯಲ್ಲಿ ಈ ಒಂದು ಮಾತು ಸಂಬಂಧವನ್ನೇ ಮುರಿಯಬಲ್ಲದು. ಹಾಗಾದರೆ ನಾರ್ಮಲ್ ಎಂದರೇನು? ಅದನ್ನು ನಿರ್ಧರಿಸುವವರು ಯಾರು?

ಬಡಗಿಯ ಮೂಲೆಮಟ್ಟದಿಂದ ಬಂದ ಪದ

ನಾರ್ಮಲ್ ಎಂಬ ಇಂಗ್ಲಿಷ್ ಪದದ ಮೂಲ ಲ್ಯಾಟಿನ್‌ನ ‘ನೊರ್ಮಾ’. ಬಡಗಿಯು ಮರದ ಮೂಲೆ ನೇರವಾಗಿದೆಯೇ ಎಂದು ನೋಡಲು ಬಳಸುವ ಮೂಲೆಮಟ್ಟಕ್ಕೆ ಆ ಹೆಸರಿತ್ತು. ಮನುಷ್ಯರ ಸ್ವಭಾವಕ್ಕೆ ಈ ಪದವನ್ನು ಅನ್ವಯಿಸುವ ರೂಢಿ ಬೆಳೆದದ್ದು ಬಹುಮಟ್ಟಿಗೆ 19ನೇ ಶತಮಾನದಲ್ಲಿ. ಬೆಲ್ಜಿಯಂನ ಸಂಖ್ಯಾಶಾಸ್ತ್ರಜ್ಞ ಅಡಾಲ್ಫ್ ಕೆಟ್ಲೆ 1835ರಲ್ಲಿ ‘ಸರಾಸರಿ ಮನುಷ್ಯ’ ಎಂಬ ಕಲ್ಪನೆಯನ್ನು ಮುಂದಿಟ್ಟರು. ಅನೇಕರ ಎತ್ತರ, ತೂಕಗಳನ್ನು ಅಳೆದು ತೆಗೆದ ಸರಾಸರಿಯನ್ನು ಅವರು ಆದರ್ಶವೆಂದೇ ಭಾವಿಸಿದರು. ಹೀಗೆ ‘ಹೆಚ್ಚು ಜನ ಹೇಗಿದ್ದಾರೆ’ ಎಂಬ ಲೆಕ್ಕವು ‘ಎಲ್ಲರೂ ಹೇಗಿರಬೇಕು’ ಎಂಬ ಕಟ್ಟಳೆಯಾಗಿ ಮಾರ್ಪಟ್ಟಿತು.

ಈ ಸರಾಸರಿ ಮನುಷ್ಯ ನಿಜವಾಗಿ ಇದ್ದಾನೆಯೇ ಎಂಬುದಕ್ಕೆ ಅಮೆರಿಕದ ವಾಯುಪಡೆ ಉತ್ತರ ನೀಡಿತು. ವಿಮಾನದ ಚಾಲಕ ಕೋಣೆಯನ್ನು ಸರಾಸರಿ ಪೈಲಟ್‌ನ ಅಳತೆಗೆ ತಕ್ಕಂತೆ ರೂಪಿಸಲಾಗುತ್ತಿತ್ತು. 1950ರಲ್ಲಿ 4,063 ಪೈಲಟ್‌ಗಳ ದೇಹದ ಅಳತೆಗಳನ್ನು ಪಡೆಯಲಾಯಿತು. ಅವುಗಳಲ್ಲಿ ಎತ್ತರ, ಎದೆಯ ಸುತ್ತಳತೆ, ತೋಳಿನ ಉದ್ದ ಮೊದಲಾದ 10 ಅಳತೆಗಳನ್ನು ಆಯ್ದು ಗಿಲ್ಬರ್ಟ್ ಡೇನಿಯಲ್ಸ್ ಎಂಬ ಯುವ ಸಂಶೋಧಕರು ಪರಿಶೀಲಿಸಿದರು. ಹತ್ತೂ ಅಳತೆಗಳಲ್ಲಿ ಸರಾಸರಿಯ ಆಸುಪಾಸಿನಲ್ಲಿದ್ದ ಪೈಲಟ್ ಒಬ್ಬನೂ ಸಿಗಲಿಲ್ಲ. ಸರಿಹೊಂದಿಸಬಹುದಾದ ಆಸನಗಳ ಕಡೆಗೆ ವಿನ್ಯಾಸಕಾರರು ತಿರುಗಲು ಇಂತಹ ಅಧ್ಯಯನಗಳು ಕಾರಣವಾದವು. ದೇಹದ ಹತ್ತು ಅಳತೆಗಳಲ್ಲೇ ಹೀಗಾದರೆ, ಮನಸ್ಸಿನ ನೂರಾರು ಒಲವುಗಳಲ್ಲಿ ಎಲ್ಲವೂ ಸರಾಸರಿಯಾಗಿರುವ ವ್ಯಕ್ತಿಯನ್ನು ಹುಡುಕುವುದು ವ್ಯರ್ಥ.

ಮಾನ್ವಿ, ದೇವದುರ್ಗದ ಸಾಕ್ಷ್ಯ

ಕಟ್ಟಳೆಗಳು ಬದಲಾಗುತ್ತವೆ ಎಂಬುದಕ್ಕೆ ಜಿಲ್ಲೆಯ ಇತಿಹಾಸದಲ್ಲೇ ಉದಾಹರಣೆಯಿದೆ. 18ನೇ ಶತಮಾನದ ಹರಿದಾಸ ಸಾಹಿತ್ಯದ ಮೂವರು ಪ್ರಮುಖರು ಈ ಸೀಮೆಯವರು. ವಿಜಯದಾಸರು ಮಾನ್ವಿ ಸೀಮೆಯ ಚೀಕಲಪರ್ವಿಯಲ್ಲಿ, ಗೋಪಾಲದಾಸರು ದೇವದುರ್ಗ ಸೀಮೆಯ ಮೊಸರಕಲ್ಲಿನಲ್ಲಿ, ಜಗನ್ನಾಥದಾಸರು ಮಾನ್ವಿ ಸೀಮೆಯ ಬ್ಯಾಗವಾಟದಲ್ಲಿ ಜನಿಸಿದರು. ಆ ಕಾಲದ ಪಂಡಿತ ವಲಯದಲ್ಲಿ ಶಾಸ್ತ್ರದ ಭಾಷೆ ಸಂಸ್ಕೃತ. ಗೆಜ್ಜೆ ಕಟ್ಟಿ, ತಂಬೂರಿ ಹಿಡಿದು, ಕನ್ನಡದಲ್ಲಿ ಹಾಡುತ್ತ ತಿರುಗುವುದು ವಿದ್ವಾಂಸನಿಗೆ ಒಪ್ಪುವ ನಡತೆಯೆಂದು ಎಲ್ಲರೂ ತಿಳಿದಿರಲಿಲ್ಲ.

ಜಗನ್ನಾಥದಾಸರ ಪೂರ್ವನಾಮ ಶ್ರೀನಿವಾಸಾಚಾರ್ಯ. ಸಂಸ್ಕೃತ ಪಂಡಿತರಾಗಿದ್ದ ಅವರು ವಿಜಯದಾಸರ ಆಹ್ವಾನವನ್ನು ಹೊಟ್ಟೆನೋವಿನ ನೆಪ ಹೇಳಿ ತಿರಸ್ಕರಿಸಿದರೆಂದೂ, ಬಳಿಕ ನಿಜವಾಗಿಯೇ ವ್ಯಾಧಿಗೆ ತುತ್ತಾಗಿ ಗೋಪಾಲದಾಸರ ಮೊರೆ ಹೋದರೆಂದೂ ದಾಸ ಪರಂಪರೆಯ ಕಥನ ಹೇಳುತ್ತದೆ. ಕಥನವನ್ನು ಯಾರು ಹೇಗೆ ನಂಬಿದರೂ ಫಲಿತಾಂಶ ಕಣ್ಣೆದುರಿಗಿದೆ. ಕನ್ನಡದ ಹಾಡನ್ನು ಕೀಳೆಂದು ಬಗೆದ ಪಂಡಿತರೇ ಕನ್ನಡದಲ್ಲಿ ‘ಹರಿಕಥಾಮೃತಸಾರ’ವನ್ನು ರಚಿಸಿದರು. ಅಂದು ವಿಚಿತ್ರವೆನಿಸಿದ್ದು ಇಂದು ಈ ಊರುಗಳ ಹೆಮ್ಮೆ.

ಭಾಷೆಯ ವಿಷಯದಲ್ಲಿ ಇದೇ ಪ್ರಶ್ನೆ ಇಂದಿಗೂ ಜೀವಂತವಾಗಿದೆ. ಓದಲೋ ಉದ್ಯೋಗಕ್ಕೋ ಬೆಂಗಳೂರಿಗೆ ತೆರಳುವ ಇಲ್ಲಿನ ಯುವಕ-ಯುವತಿಯರು ‘ಮಾಡಕತ್ತೀನಿ’, ‘ಹೋಗಕತ್ತೀನಿ’ ಎಂದಾಗ ಎದುರಿನವರು ನಗುವುದುಂಟು. ಕೆಲವರು ತಮ್ಮ ಮಾತನ್ನೇ ಬದಲಿಸಿಕೊಳ್ಳುತ್ತಾರೆ, ಕೆಲವರು ಮಾತನ್ನೇ ಕಡಿಮೆ ಮಾಡುತ್ತಾರೆ. 1956ರ ನವೆಂಬರ್ 1ರವರೆಗೆ ಹೈದರಾಬಾದ್ ರಾಜ್ಯದ ಭಾಗವಾಗಿದ್ದ, ಉರ್ದು ಮತ್ತು ತೆಲುಗಿನ ಒಡನಾಟದಲ್ಲಿ ಬೆಳೆದ ಈ ಕನ್ನಡಕ್ಕೆ ತನ್ನದೇ ವ್ಯಾಕರಣವಿದೆ. ಪಠ್ಯಪುಸ್ತಕದ ಕನ್ನಡವೂ ಒಂದು ಪ್ರಭೇದವೇ. ಅದಕ್ಕೆ ಮುದ್ರಣದ ಬೆಂಬಲ ದೊರೆಯಿತು ಎಂಬುದಷ್ಟೇ ವ್ಯತ್ಯಾಸ.

ಅಭ್ಯಾಸವೋ, ಕಾಯಿಲೆಯೋ?

ಹಾಗೆಂದು ಎಲ್ಲವನ್ನೂ ‘ಅವರವರ ಸ್ವಭಾವ’ ಎಂದು ತಳ್ಳಿಹಾಕುವುದೂ ಅಪಾಯಕಾರಿ. ವಿರಳವಾದದ್ದು ಬೇರೆ, ಕಾಯಿಲೆ ಬೇರೆ. ಜಗತ್ತಿನಲ್ಲಿ ಸುಮಾರು ಹತ್ತರಲ್ಲಿ ಒಬ್ಬರು ಎಡಗೈ ಬಳಸುವವರು. ಅವರ ಸಂಖ್ಯೆ ಕಡಿಮೆ, ಆದರೆ ಅದು ಕಾಯಿಲೆಯಲ್ಲ. ಮಗುವಿನ ಎಡಗೈಗೆ ಹೊಡೆದು ಬಲಗೈಯಲ್ಲಿ ಬರೆಸುವುದರಿಂದ ಮಗುವಿಗೆ ತೊಂದರೆಯೇ ಹೊರತು ಲಾಭವಿಲ್ಲ. ಇದಕ್ಕೆ ವ್ಯತಿರಿಕ್ತವಾಗಿ ಹಲ್ಲಿನ ಹುಳುಕು ಬಹುಜನರಲ್ಲಿ ಕಂಡುಬರುತ್ತದೆ, ಆದರೂ ಅದಕ್ಕೆ ಚಿಕಿತ್ಸೆ ಬೇಕು. ಆದ್ದರಿಂದ ಎಷ್ಟು ಜನ ಹೀಗಿದ್ದಾರೆ ಎಂಬುದು ಸರಿಯಾದ ಪ್ರಶ್ನೆಯಲ್ಲ.

ವೈದ್ಯಶಾಸ್ತ್ರ ಮುಖ್ಯವಾಗಿ ಗಮನಿಸುವುದು ಎರಡು ಸಂಗತಿಗಳನ್ನು. ಆ ವರ್ತನೆಯಿಂದ ವ್ಯಕ್ತಿಗೆ ತೀವ್ರ ಯಾತನೆ ಆಗುತ್ತಿದೆಯೇ? ಓದು, ದುಡಿಮೆ, ನಿದ್ರೆ, ಸಂಬಂಧಗಳಿಗೆ ಅಡ್ಡಿಯಾಗುತ್ತಿದೆಯೇ? ಇವುಗಳ ಜೊತೆಗೆ ತನಗೆ ಅಥವಾ ಇತರರಿಗೆ ಹಾನಿಯಾಗುವ ಸಂಭವವಿದೆಯೇ ಎಂಬುದನ್ನೂ ನೋಡಲಾಗುತ್ತದೆ.

ಬೀಗದ ಉದಾಹರಣೆಯನ್ನೇ ತೆಗೆದುಕೊಳ್ಳಬಹುದು. ಊರಿಗೆ ಹೊರಡುವಾಗ ಬೀಗವನ್ನು ಎರಡು ಬಾರಿ ಎಳೆದು ನೋಡುವುದು ಎಚ್ಚರಿಕೆಯ ಅಭ್ಯಾಸ. ಬೀಗ ಬಿದ್ದಿದೆ ಎಂದು ತಿಳಿದಿದ್ದರೂ ಮನಸ್ಸು ಒಪ್ಪದೆ, ಬಸ್ ನಿಲ್ದಾಣದಿಂದ ಪದೇ ಪದೇ ಮರಳಿ ಬಂದು, ದಿನಕ್ಕೆ ಒಂದು ಗಂಟೆಗೂ ಮಿಕ್ಕಿ ಇಂತಹ ತಪಾಸಣೆಯಲ್ಲೇ ಕಳೆದು, ಕೆಲಸಕ್ಕೆ ಹೋಗಲಾಗದ ಸ್ಥಿತಿ ಬಂದರೆ ಅದು ಗೀಳು ಕಾಯಿಲೆಯ ಲಕ್ಷಣ. ಅದಕ್ಕೆ ಔಷಧವೂ ಇದೆ, ಮನಶ್ಶಾಸ್ತ್ರೀಯ ಚಿಕಿತ್ಸೆಯೂ ಇದೆ. ಹಾಗೆಯೇ ಏಕಾಂತವನ್ನು ಇಷ್ಟಪಡುವುದು ಸ್ವಭಾವ. ಮೊದಲು ಜನರೊಂದಿಗೆ ಬೆರೆಯುತ್ತಿದ್ದವರು ಎರಡು ವಾರಗಳಿಗೂ ಹೆಚ್ಚು ಕಾಲ ಎಲ್ಲದರಲ್ಲೂ ಆಸಕ್ತಿ ಕಳೆದುಕೊಂಡು, ನಿದ್ರೆ-ಊಟ ಬಿಟ್ಟು ಮೂಲೆ ಸೇರಿದರೆ ವೈದ್ಯರನ್ನು ಕಾಣಬೇಕು.

ಈ ಭೇದ ತಿಳಿಯದಿರುವುದರಿಂದ ಎರಡು ಬಗೆಯ ಅನ್ಯಾಯ ನಡೆಯುತ್ತಿದೆ. ಆರೋಗ್ಯವಂತರು ತಮ್ಮ ಸಣ್ಣ ವೈಚಿತ್ರ್ಯಗಳಿಗಾಗಿ ನಾಚಿ ಬದುಕುತ್ತಾರೆ. ನಿಜವಾಗಿ ನರಳುವವರು ‘ಹುಚ್ಚರು’ ಎನಿಸಿಕೊಳ್ಳುವ ಭಯದಿಂದ ಆಸ್ಪತ್ರೆಗೆ ಹೋಗುವುದಿಲ್ಲ. 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ವಯಸ್ಕರಲ್ಲಿ ಸುಮಾರು ಶೇ 10ರಷ್ಟು ಮಂದಿಗೆ ಮಾನಸಿಕ ಕಾಯಿಲೆಯಿತ್ತು. ಕಾಯಿಲೆಯ ಬಗೆಯನ್ನು ಅವಲಂಬಿಸಿ, ಚಿಕಿತ್ಸೆ ದೊರೆಯದೆ ಉಳಿದವರ ಪ್ರಮಾಣ ಶೇ 70ರಿಂದ 92ರವರೆಗೆ ಇತ್ತು.

ಕಾನೂನು ಏನು ಹೇಳುತ್ತದೆ?

ಈ ವಿಷಯದಲ್ಲಿ ದೇಶದ ಕಾನೂನು ಸ್ಪಷ್ಟವಾಗಿದೆ. 2018ರ ಮೇ ತಿಂಗಳಲ್ಲಿ ಜಾರಿಗೆ ಬಂದ 2017ರ ಮಾನಸಿಕ ಆರೋಗ್ಯ ಪಾಲನಾ ಕಾಯ್ದೆಯ 3ನೇ ಕಲಮಿನ ಅನ್ವಯ, ಸಮುದಾಯದಲ್ಲಿ ಪ್ರಚಲಿತವಿರುವ ನೈತಿಕ, ಸಾಮಾಜಿಕ, ಸಾಂಸ್ಕೃತಿಕ ಅಥವಾ ರಾಜಕೀಯ ಮೌಲ್ಯಗಳಿಗೆ ಇಲ್ಲವೇ ಧಾರ್ಮಿಕ ನಂಬಿಕೆಗಳಿಗೆ ಒಬ್ಬರು ಹೊಂದಿಕೊಳ್ಳುತ್ತಿಲ್ಲ ಎಂಬ ಕಾರಣಕ್ಕೆ ಅವರನ್ನು ಮಾನಸಿಕ ಅಸ್ವಸ್ಥರೆಂದು ನಿರ್ಧರಿಸುವಂತಿಲ್ಲ.

ಇಂತಹ ರಕ್ಷಣೆಯ ಅಗತ್ಯ ಏಕೆ ಎಂಬುದಕ್ಕೆ ವೈದ್ಯಶಾಸ್ತ್ರದ ಇತಿಹಾಸವೇ ಉತ್ತರ. ಸಲಿಂಗ ಒಲವನ್ನು ಅಮೆರಿಕದ ಮನೋವೈದ್ಯರ ಸಂಘವು 1973ರವರೆಗೆ, ವಿಶ್ವ ಆರೋಗ್ಯ ಸಂಸ್ಥೆಯು 1990ರವರೆಗೆ ಕಾಯಿಲೆಗಳ ಪಟ್ಟಿಯಲ್ಲಿಟ್ಟಿದ್ದವು. ಭಾರತದಲ್ಲಿ ವಯಸ್ಕರ ನಡುವಿನ ಸಮ್ಮತಿಯ ಸಲಿಂಗ ಸಂಬಂಧವು ಅಪರಾಧವಲ್ಲ ಎಂದು ಸುಪ್ರೀಂ ಕೋರ್ಟ್ ತೀರ್ಪಿತ್ತದ್ದು 2018ರ ಸೆಪ್ಟೆಂಬರ್ 6ರಂದು. ಆ ಜನರು ಬದಲಾಗಲಿಲ್ಲ, ಬದಲಾದದ್ದು ಪಟ್ಟಿ.

ನೆರವು ಎಲ್ಲಿ?

ಮಾನಸಿಕ ಆರೋಗ್ಯ ಸೇವೆಯನ್ನು ಜಿಲ್ಲಾ ಮಟ್ಟಕ್ಕೆ ತರುವ ಮಾದರಿ ರೂಪುಗೊಂಡದ್ದು ನೆರೆಯ ಬಳ್ಳಾರಿಯಲ್ಲಿ. 1980ರ ದಶಕದ ಉತ್ತರಾರ್ಧದಲ್ಲಿ ನಿಮ್ಹಾನ್ಸ್ ಅಲ್ಲಿ ನಡೆಸಿದ ಪ್ರಯೋಗವೇ 1996ರಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಆಧಾರವಾಯಿತು. ರಾಯಚೂರು ನಗರದವರು ರಿಮ್ಸ್ ಆಸ್ಪತ್ರೆಯ ಮನೋವೈದ್ಯಕೀಯ ವಿಭಾಗದಲ್ಲಿ ವಿಚಾರಿಸಬಹುದು. ತಾಲ್ಲೂಕು ಆಸ್ಪತ್ರೆಗಳಿಗೆ ನಿಗದಿತ ಮಂಗಳವಾರಗಳಂದು ಮನೋವೈದ್ಯರು ಭೇಟಿ ನೀಡುವ ‘ಮನೋಚೈತನ್ಯ’ ಕಾರ್ಯಕ್ರಮವನ್ನು ರಾಜ್ಯ ಸರ್ಕಾರ 2014ರಲ್ಲಿ ಆರಂಭಿಸಿತು. ದೇವದುರ್ಗ, ಮಾನ್ವಿಯವರು ಭೇಟಿಯ ದಿನವನ್ನು ತಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ಕೇಳಿ ತಿಳಿಯುವುದು ಒಳಿತು. 2022ರ ಅಕ್ಟೋಬರ್ 10ರಂದು ಆರಂಭವಾದ ‘ಟೆಲಿ ಮನಸ್’ ಸಹಾಯವಾಣಿ 14416 ದಿನದ 24 ಗಂಟೆಯೂ ಉಚಿತವಾಗಿ ಲಭ್ಯ, ಕನ್ನಡದಲ್ಲಿಯೇ ಮಾತನಾಡಬಹುದು.

ತಮ್ಮ ಯಾವುದೋ ಅಭ್ಯಾಸದ ಬಗ್ಗೆ ಅಳುಕಿರುವವರು ‘ನಾಲ್ಕು ಜನ ಏನೆನ್ನುತ್ತಾರೆ’ ಎಂದು ಕೇಳಿಕೊಳ್ಳುವ ಬದಲು ‘ಇದರಿಂದ ನನಗಾಗಲಿ ಬೇರೆಯವರಿಗಾಗಲಿ ನೋವಾಗುತ್ತಿದೆಯೇ’ ಎಂದು ಕೇಳಿಕೊಳ್ಳುವುದು ಲೇಸು. ಹೌದು ಎಂದಾದರೆ ನೆರವು ಪಡೆಯಲು ಸಂಕೋಚ ಬೇಡ. ಇಲ್ಲ ಎಂದಾದರೆ ಅದನ್ನು ತಿದ್ದುವ ಅಗತ್ಯವೂ ಇಲ್ಲ, ಮುಚ್ಚಿಡುವ ಅಗತ್ಯವೂ ಇಲ್ಲ. ಮನೆಯ ಹಿರಿಯರು, ಶಿಕ್ಷಕರು ಮಕ್ಕಳ ವಿಷಯದಲ್ಲಿಯೂ ಇದೇ ಪ್ರಶ್ನೆಯನ್ನು ಮೊದಲು ಕೇಳಬೇಕಾಗಿದೆ.